ತೆರೆಯ ಮೇಲಿನ ನೀರಿನ ಹೊಂಡ

ಬೆಳಿಗ್ಗೆ ಪಾರ್ಕಿನಲ್ಲಿ ನಮ್ಮ ವಯಸ್ಸಿನವರು ನಡೆಯುವುದನ್ನು ನೋಡಿದ್ದೀರಾ? ಮಾತು ಸ್ವಲ್ಪ ಬಿಸಿಯೇರಿದರೆ ನಡಿಗೆ ನಿಂತುಬಿಡುತ್ತದೆ. "ಯಾರು, ಆ ಹಾಸನದ ಮ್ಯಾನೇಜರಾ?" ಎಂದು ಕೇಳಿ, ನಿಂತು, ಹೆಸರು ನೆನಪಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ. ಮೊಮ್ಮಕ್ಕಳಿಗೆ ಇದು ತಮಾಷೆ. ಆದರೆ ಸ್ವೀಡನ್ನಿನ ಸಂಶೋಧಕರು ಇದನ್ನು ತಮಾಷೆ ಎಂದು ಬಿಡಲಿಲ್ಲ. ವೃದ್ಧರ ವಸತಿಗೃಹದ 58 ಮಂದಿಯ ಜೊತೆ ನಡೆಯುತ್ತಾ ಮಾತಿಗೆಳೆದರು. ಉತ್ತರ ಕೊಡಲು 12 ಮಂದಿ ನಿಂತರು. ಮುಂದಿನ 6 ತಿಂಗಳಲ್ಲಿ ಆ 12ರಲ್ಲಿ 10 ಮಂದಿ ಎಲ್ಲಾದರೊಂದು ಕಡೆ ಬಿದ್ದರು. 1997ರಲ್ಲಿ ಪ್ರಕಟವಾದ ಲೆಕ್ಕ ಇದು.

ನಡೆಯುವುದು ಕಾಲಿನ ಕೆಲಸ ಎಂದು ನಾವು ತಿಳಿದಿದ್ದೇವೆ. ಅರ್ಧ ಕೆಲಸ ಮಿದುಳಿನದು. ಕಲ್ಲೆಲ್ಲಿದೆ, ನಾಯಿ ಎತ್ತ ಹೊರಟಿದೆ, ಕಾಲು ಎಷ್ಟು ಎತ್ತಬೇಕು, ಎಲ್ಲವನ್ನೂ ಅದೇ ನೋಡಿಕೊಳ್ಳಬೇಕು. ಪ್ರಾಯದಲ್ಲಿ ಇದರ ಜೊತೆಗೇ ಹರಟೆಗೂ ಜಾಗವಿರುತ್ತದೆ. ವಯಸ್ಸಾದಂತೆ ಒಂದೇ ಕೌಂಟರ್, ಎರಡು ಸಾಲು.

ನನ್ನ ಜೊತೆ ಕೆಲಸ ಮಾಡಿದ ಗೆಳೆಯರೊಬ್ಬರು ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಮೂಳೆ ಕೂಡಿತು. ಆದರೆ ಮತ್ತೆ ಬಿದ್ದೇನು ಎಂಬ ಹೆದರಿಕೆ ಹೋಗಲಿಲ್ಲ. ಹೊರಗೆ ಹೋಗುವುದು ನಿಂತಿತು, ಆಮೇಲೆ ಮಾತು ಕಡಿಮೆಯಾಯಿತು, ಈಗ ವಾರ ಯಾವುದೆಂದು ಮನೆಯವರೇ ಹೇಳಬೇಕು. ಬಿದ್ದದ್ದು ಒಂದೇ ಸಲ. ಅದಕ್ಕೇ ಈ ವಿಷಯ ಕಂಡಲ್ಲೆಲ್ಲ ನಾನು ಕೂತು ಓದುತ್ತೇನೆ.

ಹಾಗೆ ಓದಿದ್ದರಲ್ಲಿ ನನಗೆ ಹಿಡಿಸಿದ್ದು 2016ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ. ಇಸ್ರೇಲ್, ಇಟಲಿ, ಬೆಲ್ಜಿಯಂ, ನೆದರ್ಲ್ಯಾಂಡ್ಸ್, ಬ್ರಿಟನ್‌ಗಳಲ್ಲಿ 60ರಿಂದ 90 ವರ್ಷದ 302 ಮಂದಿಯನ್ನು ಸೇರಿಸಿಕೊಂಡರು. ಎಲ್ಲರೂ ಹಿಂದಿನ 6 ತಿಂಗಳಲ್ಲಿ ಎರಡು ಸಲವಾದರೂ ಬಿದ್ದವರೇ. ಅರ್ಧ ಜನ ಟ್ರೆಡ್‌ಮಿಲ್ ಮೇಲೆ ಸುಮ್ಮನೆ ನಡೆದರು. ಉಳಿದವರ ಎದುರಿಗೆ ಒಂದು ದೊಡ್ಡ ತೆರೆ. ಕ್ಯಾಮೆರಾ ಅವರ ಪಾದಗಳನ್ನು ಹಿಡಿದು ಆ ತೆರೆಯ ಮೇಲೆ ತೋರಿಸುತ್ತದೆ. ಅಲ್ಲೊಂದು ದಾರಿ, ದಾರಿಯಲ್ಲಿ ನೀರಿನ ಹೊಂಡ, ಅಡ್ಡಿಗಳು, ಕವಲು. ಪಾದ ಸರಿಯಾಗಿ ಎತ್ತದಿದ್ದರೆ ಹೊಂಡಕ್ಕೆ ಬಿತ್ತೆಂದೇ ಲೆಕ್ಕ. ಬಟ್ಟೆ ಮಾತ್ರ ಒದ್ದೆಯಾಗುವುದಿಲ್ಲ! ವರ್ಚುವಲ್ ರಿಯಾಲಿಟಿ ಎಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಡಬ್ಬಿಯೇ ಆಗಬೇಕು ಎಂದು ನನ್ನ ಮೊಮ್ಮಗ ವಾದಿಸಿದ. ಇಲ್ಲಿ ಡಬ್ಬಿಯಿಲ್ಲ, ತೆರೆಯೇ ಸಾಕಾಯಿತು.

ವಾರಕ್ಕೆ 3 ದಿನ, ದಿನಕ್ಕೆ ಸುಮಾರು 45 ನಿಮಿಷ, 6 ವಾರ. ಆಮೇಲಿನ 6 ತಿಂಗಳು ಯಾರು ಎಷ್ಟು ಸಲ ಬಿದ್ದರು ಎಂದು ಬರೆದಿಟ್ಟರು. ಹೊಂಡ ದಾಟಿದವರ ಸರಾಸರಿ 11.9ರಿಂದ 6ಕ್ಕೆ ಇಳಿಯಿತು. ನನ್ನ ಗುಮಾಸ್ತೆ ಬುದ್ಧಿ ಕೂಡಲೇ ಪಕ್ಕದ ಕಾಲಂ ಹುಡುಕಿತು. ಸುಮ್ಮನೆ ನಡೆದವರದು 10.7ರಿಂದ 8.3. ಇಳಿದಿದೆ, ಅಷ್ಟಿಲ್ಲ. ಇವರಲ್ಲಿ ಪಾರ್ಕಿನ್ಸನ್ ಕಾಯಿಲೆಯವರೂ ಬಹಳ ಮಂದಿ ಇದ್ದರು. ಆದ್ದರಿಂದ ಈ ಅಂಕಿಯನ್ನು ಎಲ್ಲ ಅಜ್ಜ-ಅಜ್ಜಿಯರ ಖಾತೆಗೆ ನೇರವಾಗಿ ಜಮಾ ಮಾಡುವಂತಿಲ್ಲ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನವರು ಸೈಕಲ್ ಹಿಡಿದರು. ನಿಂತಲ್ಲೇ ತುಳಿಯುವ ಸೈಕಲ್. ಕೆಲವರಿಗೆ ಅದರ ಮುಂದೆ ತೆರೆಯ ಮೇಲೆ ಓಡುವ ರಸ್ತೆ, ತಿರುವು, ಪಂದ್ಯಕ್ಕೆ ಇನ್ನೊಬ್ಬ ಸವಾರ. 3 ತಿಂಗಳು ಪೂರೈಸಿದವರು 63 ಹಿರಿಯರು. ತುಳಿದ ಶ್ರಮ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಆದರೂ ಯೋಜನೆ ಹಾಕುವುದು, ಗಮನವನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸುವುದು, ಇಂಥ ಪರೀಕ್ಷೆಗಳಲ್ಲಿ ತೆರೆಯ ರಸ್ತೆಯಲ್ಲಿ ಹೋದವರೇ ಮುಂದಿದ್ದರು. 2012ರಲ್ಲಿ ಇದು ಪ್ರಕಟವಾಯಿತು. ಗುಂಪು ಚಿಕ್ಕದು ಎಂಬುದನ್ನು ಮರೆಯಬಾರದು.

ಹಾಗೆಂದು ಬರೀ ನಡಿಗೆ ವ್ಯರ್ಥವೇ? ಅಲ್ಲವೇ ಅಲ್ಲ. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವಿದೆ, ನೆನಪಿನ ಗುಮಾಸ್ತ ಎನ್ನಿ. ಆಕಾರ ಕಡಲ್ಗುದುರೆಯಂತಿರುವುದರಿಂದ ಆ ಹೆಸರು. ವಯಸ್ಸಾದಂತೆ ಅದು ಸವೆಯುತ್ತದೆ. ಅಮೆರಿಕದಲ್ಲಿ 120 ಮಂದಿ ಹಿರಿಯರ ಮೇಲೆ ನಡೆದ, 2011ರಲ್ಲಿ ಬೆಳಕಿಗೆ ಬಂದ ಅಧ್ಯಯನದಲ್ಲಿ ವಾರಕ್ಕೆ 3 ದಿನ 40 ನಿಮಿಷ ಚುರುಕಾಗಿ ನಡೆದವರ ಹಿಪೊಕ್ಯಾಂಪಸ್ ಒಂದು ವರ್ಷದಲ್ಲಿ ಶೇ. 2ರಷ್ಟು ಬೆಳೆದಿತ್ತು. ಕೈಕಾಲು ಚಾಚುವ ವ್ಯಾಯಾಮ ಮಾಡಿದವರದು ಶೇ. 1.4ರಷ್ಟು ಕುಗ್ಗಿತ್ತು. ಶೇ. 2 ಬಡ್ಡಿಗೆ ಯಾವ ಠೇವಣಿದಾರನೂ ಬರುವುದಿಲ್ಲ, ಆದರೆ ಇಲ್ಲಿ ಅಸಲೇ ಕರಗುವ ವಯಸ್ಸು ನೋಡಿ.

ಮಕ್ಕಳೇ, ನಿಮ್ಮ ಮನೆಯಲ್ಲಿ ವಿಆರ್ ಹೆಡ್‌ಸೆಟ್ ಇದ್ದರೆ ಅಜ್ಜಿಯನ್ನು ನಿಲ್ಲಿಸಿ ಅದನ್ನು ಹಾಕಬೇಡಿ. ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಐದು ನಿಮಿಷ ಸಾಕು. ಕಣ್ಣು 'ಓಡುತ್ತಿದ್ದೇನೆ' ಎನ್ನುತ್ತದೆ, ಒಳಗಿವಿ 'ಕೂತಿದ್ದೇನೆ' ಎನ್ನುತ್ತದೆ; ಈ ಜಗಳದಲ್ಲಿ ತಲೆ ಸುತ್ತುತ್ತದೆ. ಅಪಸ್ಮಾರ ಇದ್ದವರು, ಆಗಲೇ ತಲೆಸುತ್ತು ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟುವುದು ಬೇಡ.

ಯಂತ್ರವಿಲ್ಲದವರೂ ಒಂದು ಆಟ ಆಡಬಹುದು. ನಾನೂ ಮೊಮ್ಮಗಳೂ ಆಡುತ್ತೇವೆ. ಸಮತಟ್ಟಾದ ಜಾಗದಲ್ಲಿ ಕೈ ಹಿಡಿದು ನಡೆಯುತ್ತಾ ನೂರರಿಂದ ಮೂರು ಮೂರು ಕಳೆಯುತ್ತಾ ಬರುವುದು. ತೊಂಬತ್ತೇಳು, ತೊಂಬತ್ನಾಲ್ಕು... ಇಲ್ಲವೇ 'ಕ' ಅಕ್ಷರದ ಊರುಗಳು: ಕಡೂರು, ಕಾರ್ಕಳ, ಕೊಪ್ಪಳ. ಅವಳು ಗೆಲ್ಲುವುದು ಊರಿನಲ್ಲಿ, ನಾನು ಕಳೆಯುವ ಲೆಕ್ಕದಲ್ಲಿ. ಎದುರಿಗೆ ಸ್ಕೂಟರ್ ಬಂದರೆ ಆಟ ಬಂದ್. ಮತ್ತೆ, ಅಜ್ಜ ಉತ್ತರ ಹೇಳಲು ನಿಂತುಬಿಟ್ಟರೆ ಕೈ ಹಿಡಿದು ಎಳೆಯಬೇಡಿ, ನೀವೂ ನಿಲ್ಲಿ. ಪದೇ ಪದೇ ನಿಲ್ಲುತ್ತಿದ್ದರೆ ರಾತ್ರಿ ಊಟದ ಹೊತ್ತಿಗೆ ಅಪ್ಪ-ಅಮ್ಮನ ಕಿವಿಗೆ ಹಾಕಿ.