ಮಕ್ಕಳ ಸೊಂಟಕ್ಕೆ ಬಲ ಕೊಡುವ ನೆಲ, ಜಗಲಿ, ಅಂಗಳ

ಕಡೂರು ತಾಲ್ಲೂಕಿನ ದೇವನೂರು ಕನ್ನಡಿಗರಿಗೆ ಪರಿಚಿತವಾಗಿರುವುದು ಲಕ್ಷ್ಮೀಶ ಕವಿಯಿಂದ. ಅವನ ‘ಜೈಮಿನಿ ಭಾರತ’ವನ್ನು ಗಮಕಿಗಳು ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತು ಹಾಡುತ್ತಾರೆ. ವಾರ್ಧಕ ಷಟ್ಪದಿಯ ಮೂರನೆಯ ಮತ್ತು ಆರನೆಯ ಸಾಲುಗಳು ಉಳಿದವಕ್ಕಿಂತ ಉದ್ದ. ಉಸಿರು ಕಡಿಯದೆ ಅವನ್ನು ಮುಟ್ಟಿಸಲು ಗಂಟಲೊಂದೇ ಸಾಲದು, ಹೊಟ್ಟೆಯ ಸ್ನಾಯುಗಳೂ ದುಡಿಯಬೇಕು. ಹಾಗೆ ಅರ್ಧ ಗಂಟೆ ಕೂರು ಎಂದರೆ ಇವತ್ತಿನ ಎಷ್ಟೋ ಮಕ್ಕಳಿಗೆ ಕಷ್ಟ. ಸ್ವಲ್ಪ ಹೊತ್ತಿಗೇ ಗೋಡೆಗೆ ಒರಗುತ್ತಾರೆ, ಬರೆಯುವಾಗ ಎಡಗೈ ಮೇಲೆ ತಲೆಯಿಡುತ್ತಾರೆ, ಕುರ್ಚಿಯಿಂದ ಜಾರುತ್ತಾರೆ. ‘ನೆಟ್ಟಗೆ ಕೂತ್ಕೋ’ ಎಂದು ಗದರುವವರು ಅದನ್ನು ಸೋಮಾರಿತನವೆಂದೇ ತಿಳಿಯುತ್ತಾರೆ. ಅನೇಕ ಸಲ ಮಗುವಿಗೆ ಮನಸ್ಸಿರುತ್ತದೆ, ಮೈಯಲ್ಲಿ ಹಿಡಿತವಿರುವುದಿಲ್ಲ.

ಈ ಹಿಡಿತ ಬರುವುದು ಮುಂಡದ ಸ್ನಾಯುಗಳಿಂದ. ವ್ಯಾಯಾಮ ಶಿಕ್ಷಕರು ಇದನ್ನೇ ‘ಕೋರ್’ ಎನ್ನುತ್ತಾರೆ. ಮೇಲೆ ಉಸಿರಾಟದ ವಪೆ, ಕೆಳಗೆ ಕಿಬ್ಬೊಟ್ಟೆಯ ತಳವನ್ನು ಹೊತ್ತ ಸ್ನಾಯುಗಳು, ಮುಂದೆ ಮತ್ತು ಪಕ್ಕಗಳಲ್ಲಿ ಹೊಟ್ಟೆಯನ್ನು ಸುತ್ತಿದ ಪದರಗಳು, ಹಿಂದೆ ಬೆನ್ನುಮೂಳೆಯನ್ನು ಹಿಡಿದ ಸಣ್ಣ ಸ್ನಾಯುಗಳು. ಕೈ ಚಾಚುವ, ಕಾಲು ಎತ್ತುವ ಮೊದಲೇ ಇವು ಬಿಗಿಯಾಗುತ್ತವೆ. ಮುಂಡ ಅಲ್ಲಾಡುತ್ತಿದ್ದರೆ ಪೆನ್ಸಿಲ್ ಹಿಡಿದ ಬೆರಳುಗಳಿಗೂ ಬೇಗ ಆಯಾಸವಾಗುತ್ತದೆ.

ಈ ಬಲ ಕೂಡಿಬರುವುದು ತೊಟ್ಟಿಲ ದಿನಗಳಿಂದಲೇ. ಇನ್ನೂ ಹರಿದಾಡದ ಕೂಸು ಎಚ್ಚರವಾಗಿದ್ದಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲಾಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ದೊಡ್ಡವರು ಪಕ್ಕದಲ್ಲೇ ಇರಬೇಕು. ಮಲಗಿಸುವಾಗ ಮಾತ್ರ ಅಂಗಾತವೇ ಸರಿ. ಬೋರಲಾದ ಕೂಸು ಕತ್ತೆತ್ತುತ್ತದೆ, ಮೊಣಕೈ ಊರುತ್ತದೆ, ಆಮೇಲೆ ಅಂಬೆಗಾಲಿಡುತ್ತದೆ. ಈ ಹಂತಗಳಿಗೆ ಅವಸರ ಮಾಡಬಾರದು. ಸೀಟಿನಲ್ಲಿ ನೇತುಬಿದ್ದು ಓಡಾಡುವ ಪ್ಲಾಸ್ಟಿಕ್ ವಾಕರ್‌ನ ಮಾರಾಟವನ್ನು ಕೆನಡಾ 2004ರಲ್ಲಿ ನಿಷೇಧಿಸಿದ್ದು ಮಕ್ಕಳಿಗೆ ಆಗುತ್ತಿದ್ದ ಪೆಟ್ಟುಗಳ ಕಾರಣಕ್ಕೆ. ಹಿಂದಿನವರ ಮೂರು ಗಾಲಿಯ ಮರದ ಗಾಡಿ ಬೇರೆ ಬಗೆಯದು: ಅದನ್ನು ತಳ್ಳುವ ಮಗು ತನ್ನ ಕಾಲ ಮೇಲೆ ತಾನೇ ನಿಂತಿರಬೇಕು.

ಬೆಳೆದ ಮಕ್ಕಳಿಗೆ ಅಜ್ಜಿಯ ಕಾಲದ ಆಟಗಳೇ ಸಾಕಷ್ಟು. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಲ್ಲಿ ಕುಪ್ಪಳಿಸಿ, ಬಗ್ಗಿ ಬಿಲ್ಲೆ ಎತ್ತುವಾಗ ಬೀಳದಂತೆ ತಡೆಯುವುದು ಹೊಟ್ಟೆ, ಬೆನ್ನು, ಸೊಂಟದ ಸ್ನಾಯುಗಳೇ. ಮರಕೋತಿಯಲ್ಲಿ ಕೊಂಬೆ ಹಿಡಿದು ತೂಗಾಡಿದರೆ ಭುಜದಿಂದ ಕಿಬ್ಬೊಟ್ಟೆಯವರೆಗೆ ಎಲ್ಲವೂ ಎಳೆದುಕೊಳ್ಳುತ್ತವೆ. ಉಪ್ಪುಮೂಟೆ ಆಡಿಸುವ ಅಪ್ಪ ಸುಮ್ಮನೆ ನಡೆಯುವ ಬದಲು ಸ್ವಲ್ಪ ವಾಲಾಡಿದರೆ ಬೆನ್ನ ಮೇಲಿನ ಮಗು ಇನ್ನೂ ಗಟ್ಟಿಯಾಗಿ ತಬ್ಬಿಕೊಳ್ಳುತ್ತದೆ. ಒಬ್ಬ ಕೈ ಊರಿ ನಡೆಯುವುದು, ಇನ್ನೊಬ್ಬ ಅವನ ಕಾಲೆತ್ತಿ ಹಿಡಿಯುವುದು, ಇದಕ್ಕೆ ಜಗಲಿಯಷ್ಟು ಜಾಗ ಸಾಕು. ಸೊಂಟ ಜೋತುಬಿದ್ದರೆ ಪಾದದ ಬದಲು ತೊಡೆ ಹಿಡಿದು ಹಗುರ ಮಾಡಬೇಕು.

ಮನೆಗೆಲಸವೂ ಕಡಿಮೆಯದಲ್ಲ. ಕುಕ್ಕರುಗಾಲಲ್ಲಿ ಕೂತು ನೆಲ ಒರೆಸುವುದು, ಬಗ್ಗಿ ರಂಗೋಲಿ ಬಿಡುವುದು, ತೋಟದಿಂದ ಎರಡು ಕೈಯಲ್ಲೂ ಒಂದೊಂದು ತೆಂಗಿನಕಾಯಿ ತರುವುದು ಇವೆಲ್ಲ ಕೋರ್ ವ್ಯಾಯಾಮಗಳೇ. ಗಂಡು ಮಕ್ಕಳಿಗೂ ಇವನ್ನು ಹಚ್ಚಬೇಕು. ಸೊಂಟದ ಬಲ ಅವರಿಗೂ ಅಷ್ಟೇ ಬೇಕು. ದೇವನೂರು, ಬೀರೂರು, ಅಜ್ಜಂಪುರದ ಕಡೆ ಅಂಗಳ ಇನ್ನೂ ಉಳಿದಿರುವ ಮನೆಗಳಿಗೆ ಇದು ದೊಡ್ಡ ಅನುಕೂಲ.

ಆಸನಗಳ ಮಾತಿಗೆ ಬಂದರೆ ನೆನೆಯಬೇಕಾದವರು ತಿರುಮಲೈ ಕೃಷ್ಣಮಾಚಾರ್ಯರು. ಅಂದಿನ ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಹುಟ್ಟಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಹುಡುಗರಿಗೆ ಕಲಿಸಿದರು. ‘ಯೋಗ ಮಕರಂದ’ವನ್ನು ಅವರು ಬರೆದದ್ದು ಕನ್ನಡದಲ್ಲಿ. ಕೋಲಾರದ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮಲೇರಿಯಾ, ವಿಷಮಶೀತ ಜ್ವರ, ಕ್ಷಯಗಳಿಂದ ಸೊರಗಿದ್ದ ಅವರ ಬಾಮೈದ ಆ ಹೊತ್ತಿನಲ್ಲೇ ಮೈಸೂರಿಗೆ ಬಂದ. ಮುಂದೆ ಜಗತ್ತು ಅವನನ್ನು ಬಿ.ಕೆ.ಎಸ್. ಅಯ್ಯಂಗಾರ್ ಎಂದು ಕರೆಯಿತು. ಎಲ್ಲ ಮಕ್ಕಳೂ ಯೋಗಪಟುಗಳಾಗಬೇಕಿಲ್ಲ. ಭುಜಂಗಾಸನ, ಸೇತುಬಂಧಾಸನ, ಕಾಲು ಕೊಂಚ ಮಡಿಸಿದ ನಾವಾಸನ ಮನೆಯಲ್ಲೇ ಆಗುತ್ತವೆ. ನಾಲ್ಕೈದು ಉಸಿರಿನಷ್ಟು ಹೊತ್ತು ನಿಂತರೆ ಸಾಕು. ಮಗು ಉಸಿರು ಕಟ್ಟಿದರೆ ಅಥವಾ ಬೆನ್ನು ನೋವೆಂದರೆ ಅಲ್ಲಿಗೇ ಬಿಡಬೇಕು.

ವಾರಕ್ಕೆಷ್ಟು? 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ, ಅದರಲ್ಲಿ ವಾರಕ್ಕೆ 3 ದಿನವಾದರೂ ಸ್ನಾಯು, ಮೂಳೆಗಳಿಗೆ ಬಲ ಕೊಡುವಂಥದ್ದು. ಇದೂ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ದೊಡ್ಡವರ ಜಿಮ್‌ನಂತೆ ಲೆಕ್ಕ ಹಾಕಿಸಿ ಬಸ್ಕಿ ಹೊಡೆಸಿದರೆ ಮಗುವಿಗೆ ಅದು ಶಿಕ್ಷೆಯಾಗುತ್ತದೆ. ಮಾರನೆಯ ದಿನ ಹತ್ತಿರ ಸುಳಿಯುವುದಿಲ್ಲ.

ಮಂಡಿ ಮಡಿಸಿ, ಪಾದಗಳನ್ನು ಎರಡೂ ಪಕ್ಕಕ್ಕೆ ಚಾಚಿ ಕೂರುವ ಮಕ್ಕಳನ್ನು ಕಂಡು ಕೆಲವು ತಾಯಂದಿರು ಗಾಬರಿಯಾಗುತ್ತಾರೆ. ಅದು ರೋಗವಲ್ಲ. ಹಾಗೆ ಕೂತಾಗ ತಳ ಅಗಲವಾಗಿ ಸೊಂಟಕ್ಕೆ ಕೆಲಸ ಕಡಿಮೆಯಾಗುತ್ತದೆ, ಆದ್ದರಿಂದ ಆಗಾಗ ಕೂರುವ ರೀತಿ ಬದಲಿಸಲು ಹೇಳಿದರೆ ಸಾಕು. ನಿಜವಾಗಿ ಗಮನಿಸಬೇಕಾದದ್ದು ಬೇರೆ: 9 ತಿಂಗಳು ಕಳೆದರೂ ಆಸರೆಯಿಲ್ಲದೆ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ, ಕಲಿತ ನಡಿಗೆ ಹಿಂದಕ್ಕೆ ಹೋದರೆ, ಒಂದೇ ಪಕ್ಕ ಸೋತಂತೆ ಕಂಡರೆ ಆಟಗಳನ್ನು ನಂಬಿ ಕಾಯಬಾರದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 2013ರಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಅಂಗನವಾಡಿಗಳಲ್ಲಿ, ಸರ್ಕಾರಿ ಶಾಲೆಗಳಲ್ಲಿ ಉಚಿತವಾಗಿ ನಡೆಯುತ್ತಿದೆ. ತಂಡ ಬರುವ ದಿನವನ್ನು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡು, ಮಗುವಿನ ತಾಯಿ ಕಾರ್ಡ್ ಹಿಡಿದು ಹೋದರೆ ಮುಂದಿನ ದಾರಿಯನ್ನು ಅವರೇ ತೋರಿಸುತ್ತಾರೆ.