ಮುದಗಲ್ಲಿನ ದೇವಾಲಯ ನಮಗೆ ಕಲಿಸುವ ಪಾಠ



ದೇವಾಲಯದ ವಾರ್ಷಿಕ ಹಬ್ಬ ಬಂತೆಂದರೆ ನಾವು ಗೋಡೆಗೆ ಸುಣ್ಣ ಬಳಿಸುತ್ತೇವೆ, ತೋರಣ ಕಟ್ಟುತ್ತೇವೆ, ನವೇನ ಪ್ರಾರ್ಥನೆಗಳನ್ನು ಅರ್ಪಿಸುತ್ತೇವೆ. ಆದರೆ ಈ ದೇವಾಲಯ ಹೇಗೆ ಆರಂಭವಾಯಿತು, ಇಲ್ಲಿ ಮೊದಲು ಜಪಸರ ಹಿಡಿದವರು ಯಾರು ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಅನೇಕರು ಸುಮ್ಮನಾಗುತ್ತೇವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ಕಥೋಲಿಕ ಮನೆಗಳೇ ಕಡಿಮೆ. ಅಲ್ಲಿ ಒಬ್ಬ ಹಿರಿಯರು ತೀರಿಕೊಂಡರೆ ಧರ್ಮಕೇಂದ್ರದ ನೆನಪಿನ ಒಂದು ಪಾಲೇ ಅವರೊಡನೆ ಹೋಗುತ್ತದೆ.

ನಮ್ಮ ಉತ್ತರ ಕರ್ನಾಟಕದಲ್ಲಿ ವಿಶ್ವಾಸದ ಬೇರು ಆಳವಾಗಿದೆ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ 1557ಕ್ಕೂ ಮೊದಲೇ ದೇವಾಲಯ ಕಟ್ಟಲಾಗಿತ್ತೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುತ್ತದೆ. ಗೋವೆಯಿಂದ ಬಂದ ಧರ್ಮಪ್ರಚಾರಕರು ಅಲ್ಲಿ ಶುಭಸಂದೇಶ ಸಾರಿದ್ದರು. ನಮ್ಮ ಜಮಖಂಡಿ ಸೀಮೆಯನ್ನೂ ಆಳಿದ ಬಿಜಾಪುರದ ಅರಸರು ಆ ದೇವಾಲಯಕ್ಕೆ ದತ್ತಿ ನೀಡಿದರು. ಔರಂಗಜೇಬನೂ ಅದನ್ನು ಮುಂದುವರಿಸಿದನೆಂದು ಅದೇ ಗೆಜೆಟಿಯರಿನಲ್ಲಿದೆ.

1565ರಲ್ಲಿ ತಾಳಿಕೋಟೆಯ ಯುದ್ಧ ನಡೆಯಿತು, 1686ರಲ್ಲಿ ಬಿಜಾಪುರ ಬಿತ್ತು, 1948ರಲ್ಲಿ ನಿಜಾಮನ ಆಳ್ವಿಕೆಯೂ ಮುಗಿಯಿತು. ಮುದಗಲ್ಲಿನ ಕಥೋಲಿಕ ಸಮುದಾಯ ಮಾತ್ರ ಉಳಿಯಿತು. ದತ್ತಿಪತ್ರವೊಂದರಿಂದಲೇ ಇದು ಆಗುವಂಥದ್ದಲ್ಲ. ತಾಯಿ ಮಗುವಿನ ಕೈಹಿಡಿದು ಶಿಲುಬೆಯ ಗುರುತು ಕಲಿಸಿದಾಗಲೇ ವಿಶ್ವಾಸ ಮುಂದಿನ ತಲೆಮಾರಿಗೆ ದಾಟುತ್ತದೆ. ಆದರೆ ಗೆಜೆಟಿಯರ್ ಅರಸರ ಹೆಸರು ಬರೆಯಿತೇ ಹೊರತು ಆ ತಾಯಂದಿರ ಹೆಸರು ಬರೆಯಲಿಲ್ಲ.

ಸಾಮಾನ್ಯ ವಿಶ್ವಾಸಿಗಳ ಹೆಸರು ಬರೆದಿಡುವ ಹೊಣೆಯನ್ನು ಶ್ರೀಸಭೆ ಹೊತ್ತಿದೆ. ಪ್ರತಿ ಧರ್ಮಕೇಂದ್ರವೂ ದೀಕ್ಷಾಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಇಡಬೇಕು, ಹಳೆಯ ಪುಸ್ತಕಗಳನ್ನು ಜೋಪಾನ ಮಾಡಬೇಕು ಎಂದು 1983ರ ಶ್ರೀಸಭೆಯ ಕಾನೂನು ಸಂಹಿತೆಯ 535ನೆಯ ನಿಯಮ ವಿಧಿಸುತ್ತದೆ. ದೃಢೀಕರಣ, ವಿವಾಹ, ಗುರುದೀಕ್ಷೆಗಳನ್ನೂ ದೀಕ್ಷಾಸ್ನಾನದ ಪುಸ್ತಕದಲ್ಲಿ ಗುರುತು ಮಾಡಲಾಗುತ್ತದೆ. ಮಗ ದುಡಿಯಲು ಪುಣೆಗೋ ಬೆಂಗಳೂರಿಗೋ ಹೋಗಿ ಅಲ್ಲೇ ಮದುವೆಯಾದರೂ, ಆ ಸುದ್ದಿ ಅವನು ದೀಕ್ಷಾಸ್ನಾನ ಪಡೆದ ಊರಿನ ಪುಸ್ತಕಕ್ಕೆ ಬಂದು ಸೇರಬೇಕು. ಊರು ಬಿಟ್ಟವನೂ ಹೀಗೆ ಧರ್ಮಕೇಂದ್ರದ ಮಗನಾಗಿಯೇ ಉಳಿಯುತ್ತಾನೆ.

ಆದರೂ ಈ ಪುಸ್ತಕಗಳಲ್ಲಿ ಸಿಗುವುದು ಹೆಸರು, ತಾರೀಖು ಮಾತ್ರ. ಜಾಗ ಕೊಟ್ಟವರು ಯಾರು, ಕಲ್ಲು ಹೊತ್ತವರು ಯಾರು, ದೇವಾಲಯ ಏಳುವ ಮುಂಚೆ ಬಲಿಪೂಜೆ ಯಾರ ಮನೆಯಲ್ಲಿ ನಡೆಯುತ್ತಿತ್ತು ಎಂಬುದು ಹಿರಿಯರಿಗಷ್ಟೇ ಗೊತ್ತು. ಆದ್ದರಿಂದ ಈ ಹಬ್ಬದಲ್ಲಿ ಪ್ರತಿ ಕುಟುಂಬವೂ ಹಿರಿಯರ ಬಳಿ ಕೂತು ಕೇಳಲಿ. ಕೇಳಿದ್ದನ್ನು ಇಸವಿಯೊಡನೆ ಬರೆಯೋಣ. ಹಳೆಯ ಫೋಟೋಗಳ ಹಿಂದೆ ಹೆಸರು ಬರೆಯೋಣ. ಒಂದು ಪ್ರತಿಯನ್ನು ಧರ್ಮಗುರುಗಳಿಗೆ ಒಪ್ಪಿಸೋಣ.

ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದಲ್ಲಿ ವಿಶ್ವಾಸಿಗಳನ್ನು ಜೀವವುಳ್ಳ ಕಲ್ಲುಗಳಿಗೆ ಹೋಲಿಸುತ್ತಾರೆ. ಆ ಕಲ್ಲುಗಳ ಹೆಸರು ಮಾಸದಂತೆ ಕಾಪಾಡುವುದೂ ನಾವು ದೇವಾಲಯಕ್ಕೆ ಸಲ್ಲಿಸುವ ಸೇವೆಯೇ ಆಗಿದೆ.