ಉದಗೀರ ಮಾರ್ಗದ ಒಂದು ಹಳೆ ಸ್ಟೇಷನ್

ಉಮರ್ಗಾಕ್ಕೆ ರೈಲಿಲ್ಲ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಇದೆ, ಹಗಲೂ ರಾತ್ರಿ ಲಾರಿಗಳಿವೆ. ಹಳಿ ನೋಡಬೇಕೆಂದರೆ ಮಾತ್ರ ಕೆಂಪು ಎಸ್‌ಟಿ ಬಸ್ಸು ಹತ್ತಿ, ನಿಲಂಗಾ ದಾಟಿ, ಉದಗೀರದ ಕಡೆ ಬರಬೇಕು. ನಾನೂ ಹಾಗೇ ಬಂದೆ. ವಿಕಾರಾಬಾದಿನಿಂದ ಹೊರಟು ಬೀದರ್, ಭಾಲ್ಕಿ, ಕಮಲನಗರ, ಉದಗೀರ, ಲಾತೂರ್ ರೋಡ್ ಮೇಲೆ ಹಾಯ್ದು ಪರಳಿ ವೈಜನಾಥಕ್ಕೆ ಹೋಗುವ ಮಾರ್ಗದ ಒಂದು ನಿಲ್ದಾಣಕ್ಕೆ. ಅದರ ಹೆಸರು ಹೇಳುವುದಿಲ್ಲ. ಹೇಳಿ ಆಗಬೇಕಾದ್ದೇನೂ ಇಲ್ಲ, ಯಾಕೆಂದರೆ ಇಲ್ಲಿ ಕಂಡದ್ದರ ಬಹುಪಾಲು ಈ ಮಾರ್ಗದ ಬೇರೆ ಹಳೆ ಸ್ಟೇಷನ್ನುಗಳಲ್ಲೂ ಕಂಡೀತು.

ಮುಂಬಾಗಿಲಲ್ಲಿ ಹಳತು ಏನೂ ಕಾಣಲಿಲ್ಲ. ಹೊಸ ಬಣ್ಣ, ಹೊಸ ಟೈಲ್ಸು, ಆಟೋಗಳ ಸಾಲು, ಒಂದು ಚಹಾದ ಅಂಗಡಿ. ಟಿಕೆಟ್ ಕಿಟಕಿ ಮುಚ್ಚಿತ್ತು. ಬಂದದ್ದು ದಂಡವಾಯಿತೇ ಅಂದುಕೊಳ್ಳುತ್ತಲೇ ಒಳಗೆ ಹೋಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹಿಂದಿರುಗಿ ನೋಡಿದೆ. ಕಟ್ಟಡ ಅರ್ಧ ಅಡಿ ಹುಗಿದಂತಿದೆ. ಬಾಗಿಲುಗಳು ಗಿಡ್ಡ, ಕಿಟಕಿಗಳು ಮೊಣಕಾಲ ಮಟ್ಟಕ್ಕೆ ಬಂದಿವೆ. ಕಟ್ಟಡ ಕುಸಿದದ್ದಲ್ಲ, ಪ್ಲಾಟ್‌ಫಾರ್ಮನ್ನು ಎತ್ತರಿಸಿದ್ದಾರೆ. ಮೊದಲು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಕೋಣೆಗೆ ಈಗ ಇಳಿದು ಹೋಗಬೇಕು. ಪಕ್ಕದ ಗೋಡೆಯಲ್ಲಿ ಗಾರೆ ಉದುರಿದ ಕಡೆ ಕರಿಕಲ್ಲು ಹೊರಬಿದ್ದಿತ್ತು, ಒಳ್ಳೆ ಕೈಗೆಲಸದ ಕಲ್ಲು. ಅದರ ಮೇಲೆ ಬಣ್ಣ ಬಳಿಯಲು ಯಾರಿಗೆ ಮನಸ್ಸು ಬಂತೋ!

ಪ್ಲಾಟ್‌ಫಾರ್ಮಿನ ತುದಿಯತ್ತ ನಡೆದೆ. ಅಲ್ಲಿ ಹಳದಿ ಬೋರ್ಡು. ಮಹಾರಾಷ್ಟ್ರದ ಅನೇಕ ನಿಲ್ದಾಣಗಳಂತೆ ಇಲ್ಲೂ ಊರ ಹೆಸರು ದೇವನಾಗರಿಯಲ್ಲಿ ಎರಡು ಸಲ ಇದೆ, ಒಮ್ಮೆ ಮರಾಠಿ ಅಂತ, ಒಮ್ಮೆ ಹಿಂದಿ ಅಂತ. ಇದೇ ಹಳಿಯ ಮೇಲೆ ಕಮಲನಗರಕ್ಕೆ ಹೋದರೆ ಬೋರ್ಡಿನಲ್ಲಿ ಕನ್ನಡ ಬರುತ್ತದೆ. ಹಳಿ ಹಾಕುವಾಗ ಈ ಭೇದ ಇರಲಿಲ್ಲ. 1930ರ ಆಸುಪಾಸಿನಲ್ಲಿ ನಿಜಾಮರ ರೈಲು ಈ ಕಡೆ ಬಂದಾಗ ಉದಗೀರವೂ ನಿಲಂಗಾವೂ ಬೀದರ್ ಜಿಲ್ಲೆಯ ತಾಲ್ಲೂಕುಗಳು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಮರಾಠಿ ಕಡೆಗೆ ಹೋದವು, ಬೀದರ್ ಕನ್ನಡದ ಕಡೆ ಉಳಿಯಿತು. 1982ರಲ್ಲಿ ಲಾತೂರ್ ಜಿಲ್ಲೆ ಆಯಿತು. ಗಡಿ, ಜಿಲ್ಲೆ, ಕಚೇರಿ ಎಲ್ಲ ಬದಲಾದರೂ ಹಳೆ ಬೀದರ್ ಜಿಲ್ಲೆಯ ನಕಾಶೆ ಈ ಹಳಿಯಲ್ಲಿ ಉಳಿದುಕೊಂಡಿದೆ ಎಂದು ನನಗನ್ನಿಸಿತು. ಬೆಂಚಿನ ಮೇಲೆ ಕುಳಿತಿದ್ದ ಇಬ್ಬರು ಹೆಂಗಸರು ತಮ್ಮಲ್ಲಿ ಕನ್ನಡ ಮಾತಾಡುತ್ತಿದ್ದರು, ಚಹಾದವನಿಗೆ ಮರಾಠಿಯಲ್ಲಿ ಹೇಳಿ ಕಳಿಸಿದರು.

ಬೋರ್ಡು ದಾಟಿದರೆ ಬೇಲಿ. ಬೇಲಿಯ ಕಂಬಗಳೆಲ್ಲ ಹಳೆ ಹಳಿಯ ತುಂಡುಗಳು. ಇಂಥ ಹಳಿಗಳ ಮೈಮೇಲೆ ಕಾರ್ಖಾನೆಯ ಹೆಸರೂ ವರ್ಷವೂ ಉಬ್ಬಿರುತ್ತವೆ. ಬಗ್ಗಿ ಬೆರಳಾಡಿಸಿ ನೋಡಿದೆ. ಬಣ್ಣದ ಪದರದ ಕೆಳಗೆ ಅಕ್ಷರ ಇದ್ದದ್ದು ತಿಳಿಯಿತು, ಓದಲಾಗಲಿಲ್ಲ. ಅದರಾಚೆ ಬೀಗ ಬಿದ್ದ ಕ್ವಾರ್ಟರ್ಸು, ಬೇವಿನ ಮರ, ನೆಲಮಟ್ಟಕ್ಕೆ ಉಳಿದ ಒಂದು ದುಂಡನೆ ಕಟ್ಟೆ. ಉಗಿ ಎಂಜಿನಿಗೆ ನೀರು ತುಂಬುವ ಕಂಬ ನಿಲ್ಲಿಸಿದ್ದ ಜಾಗ ಇರಬಹುದು. ಬರೀ ಹೂವಿನ ಕಟ್ಟೆಯೂ ಇರಬಹುದು. ತಲೆಯ ಮೇಲೆ ಈಗ ಕರೆಂಟಿನ ತಂತಿ.

ಗೂಡ್ಸ್ ಶೆಡ್ಡಿನ ಹತ್ತಿರ ಬಹಳ ಹೊತ್ತು ನಿಂತೆ. ಎದುರಿಗೆ ಬ್ರಾಡ್‌ಗೇಜ್ ಹಳಿ, ಅಗಲ 1676 ಮಿಲಿಮೀಟರ್. ಇಲ್ಲಿಂದ ಪಡುವಣಕ್ಕೆ, ಲಾತೂರ್ ಪಟ್ಟಣಕ್ಕೆ ಬಂದ ಮೊದಲ ರೈಲಿನ ಹಳಿ ಇದರ ಅರ್ಧವೂ ಇರಲಿಲ್ಲ, 762 ಮಿಲಿಮೀಟರ್. ಅದು ಬಾರ್ಶಿ ಲೈಟ್, ಇಂಗ್ಲಿಷ್ ಕಂಪನಿಯದು. 1897ರಲ್ಲಿ ಈಗಿನ ಕುರ್ಡುವಾಡಿಯಿಂದ ಬಾರ್ಶಿಗೆ ಶುರುವಾಗಿ, 1911ರಲ್ಲಿ ಲಾತೂರ್ ಮುಟ್ಟಿತು. ಎಂಜಿನ್ ಇರಲಿ, ಡಬ್ಬಿ ಇರಲಿ, ಒಂದೊಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು, ಆಗ ತೆಳ್ಳನೆ ಹಳಿ ಸಾಕು, ಖರ್ಚು ಕಡಿಮೆ ಎಂಬುದು ಅದನ್ನು ಯೋಜಿಸಿದ ಇಂಜಿನಿಯರನ ಲೆಕ್ಕ. (ಆತ ಮುಂದೆ ಪ್ಯಾರಾಚೂಟ್ ಮಾಡುವುದಕ್ಕೆ ಇಳಿದ. ಭಾರದ ಚಿಂತೆ ಅವನನ್ನು ಬಿಡಲಿಲ್ಲವೇನೋ.) ಆದರೆ ಲಾತೂರಿನ ಹತ್ತಿ ಅಂಡಿಗೆ ಮುಂಬಯಿಗೆ ಹೋಗಬೇಕಾದರೆ ಕುರ್ಡುವಾಡಿಯಲ್ಲಿ ಸಣ್ಣ ಡಬ್ಬಿಯಿಂದ ಇಳಿಸಿ ದೊಡ್ಡ ಡಬ್ಬಿಗೆ ಏರಿಸಬೇಕಿತ್ತು. ಹಳಿಯಲ್ಲಿ ಉಳಿಸಿದ್ದನ್ನು ಹಮಾಲಿಯಲ್ಲಿ ಕೊಟ್ಟರು ಎನ್ನಬೇಕು.

ಫ್ರಾನ್ಸಿನ ಕಡಲತೀರದಲ್ಲೂ ಅದೇ ಕಾಲಕ್ಕೆ ಇಂಥ ಕಿರುಹಳಿಗಳನ್ನು ಊರೂರಿಗೆ ಹಾಕಿದ್ದರು. ಬಸ್ಸು, ಲಾರಿ ಬಂದಮೇಲೆ ಬಹುಪಾಲು ಕಿತ್ತುಹಾಕಿದರು. ಸೋಮ್ ನದಿಯ ಅಳಿವೆಯಂಥ ಕೆಲವೆಡೆ ಮಾತ್ರ ಪ್ರವಾಸಿಗಳಿಗಾಗಿ ಇನ್ನೂ ಗಾಡಿ ಓಡುತ್ತದೆ. ಬಾರ್ಶಿ ಲೈಟನ್ನು ಕಿತ್ತು ಬಿಡಲಿಲ್ಲ, ಅಗಲ ಮಾಡಿದರು. ಲಾತೂರಿನ ಕಡೆಯ ಕೆಲಸ ಮುಗಿದದ್ದು 2008ರಲ್ಲಿ, ಹಳೆ ಜಾಡನ್ನು ಅಲ್ಲಲ್ಲಿ ತಿರುಗಿಸಿ, ಆಗಿನ ಉಸ್ಮಾನಾಬಾದಿಗೂ ರೈಲು ತಂದು.

ಪುಟ್ಟ ಗಾಡಿ ಹೋಯಿತೆಂದು ಮರುಗುವವರನ್ನು ಕಂಡಿದ್ದೇನೆ. ನನಗೂ ಅದು ಚಂದವೇ. ಆದರೆ 2016ರ ಏಪ್ರಿಲ್ ನೆನಪಾದರೆ ವಾದ ಮಾಡಲು ಬಾಯಿ ಬರುವುದಿಲ್ಲ. ಲಾತೂರಿನಲ್ಲಿ ಕುಡಿಯಲು ನೀರಿಲ್ಲದೆ ಮೀರಜಿನಿಂದ ರೈಲಿನಲ್ಲಿ ತರಿಸಿದರು. ಮೊದಲ ಗಾಡಿಯಲ್ಲಿ ಹತ್ತು ಟ್ಯಾಂಕರ್ ಡಬ್ಬಿ, ಒಂದೊಂದರಲ್ಲಿ ಸುಮಾರು 50,000 ಲೀಟರ್. ರಾಜಸ್ಥಾನದ ಕೋಟಾದಲ್ಲಿ ತೊಳೆದು ಸಜ್ಜುಮಾಡಿದ ಡಬ್ಬಿಗಳವು. ಮೀರಜ್, ಪಂಢರಪುರ, ಕುರ್ಡುವಾಡಿ, ಲಾತೂರ್ ಅಂದರೆ ಹಳೆ ಬಾರ್ಶಿ ಲೈಟಿನದೇ ದಾರಿ. 762 ಮಿಲಿಮೀಟರಿನ ಹಳಿಯೇ ಉಳಿದಿದ್ದರೆ ಆ ಡಬ್ಬಿಗಳು ಮೀರಜಿನಲ್ಲೇ ನಿಲ್ಲುತ್ತಿದ್ದವು.

ಶೆಡ್ಡಿನಿಂದ ಮುಂದೆ ಗೇಟಿನ ತನಕ ಹೋಗಬೇಕೆಂದಿದ್ದೆ. ಕಾವಲಿನವರು ಮರ್ಯಾದೆಯಿಂದಲೇ ತಡೆದರು, ಪರವಾನಗಿ ಬೇಕಂತೆ. ನೋಡಲು ಹೋಗುವವರು ಕೈಯಲ್ಲೊಂದು ಪ್ಲಾಟ್‌ಫಾರ್ಮ್ ಟಿಕೆಟ್ ಇಟ್ಟುಕೊಳ್ಳಿ. ಕ್ವಾರ್ಟರ್ಸಿನ ಕಡೆ ಹೊರಗಿನ ರಸ್ತೆಯಿಂದಲೂ ಸುತ್ತಿ ಬರಬಹುದು, ಕರಿಕಲ್ಲಿನ ಗೋಡೆ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.